ಒಂಬತ್ತು ಹೋಮ್ ರನ್‌ಗಳ ಆಟಗಾರ, ಬೇಬ್ ರೂತ್ ಅವರ ಮ್ಯಾನೇಜರ್

ಪ್ರಶ್ನೆ: ಮಗನ ಮನೆಗೆಂದು ನ್ಯೂಯಾರ್ಕಿಗೆ ಹೋಗಿದ್ದಾಗ ಬೇಸ್‌ಬಾಲ್ ಆಡುವ ಯಾಂಕೀ ಸ್ಟೇಡಿಯಂ ನೋಡಿದೆ. ಅಲ್ಲಿರುವ ಸ್ಮಾರಕಗಳಲ್ಲಿ ಎಲ್ಲಕ್ಕಿಂತ ಹಳೆಯದು ಪ್ರಸಿದ್ಧ ಆಟಗಾರ ಬೇಬ್ ರೂತ್ ಅವರದಲ್ಲ, ಮಿಲ್ಲರ್ ಹಗಿನ್ಸ್ ಎಂಬ ಮ್ಯಾನೇಜರ್ ಅವರದು ಎಂದು ತಿಳಿದು ಆಶ್ಚರ್ಯವಾಯಿತು. ಹುಡುಕಿ ನೋಡಿದರೆ, ಆಟಗಾರರಾಗಿ ಅವರ ಬ್ಯಾಟಿಂಗ್ ಸರಾಸರಿ 0.265, ಇಡೀ ಜೀವನದಲ್ಲಿ ಹೊಡೆದದ್ದು ಒಂಬತ್ತೇ ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಹಾರಿಸುವ ಹೊಡೆತ). ಇಂಥವರಿಗೆ ಅಷ್ಟು ಗೌರವ ಏಕೆ? ರೂತ್ ಅವರಂಥ ಆಟಗಾರನೂ ಕೈ ಬಿಚ್ಚಿ ಖರ್ಚು ಮಾಡುವ ಮಾಲೀಕನೂ ಇದ್ದ ತಂಡವನ್ನು ಯಾರು ಬೇಕಾದರೂ ಗೆಲ್ಲಿಸಬಹುದಿತ್ತಲ್ಲವೇ?

ಉತ್ತರ: ನಿಮ್ಮ ಸಂಶಯ ಹೊಸದಲ್ಲ. ಹಗಿನ್ಸ್ ಬದುಕಿದ್ದಾಗಲೇ ಆ ಮಾತು ಹುಟ್ಟಿತ್ತು, ಅವರಿಗೆ ಸಂಬಳ ಕೊಡುತ್ತಿದ್ದ ಇಬ್ಬರು ಮಾಲೀಕರಲ್ಲಿ ಒಬ್ಬರಿಗೂ ಅದೇ ಅಭಿಪ್ರಾಯವಿತ್ತು. ಅದರಲ್ಲಿ ಅರ್ಧ ಸತ್ಯವೂ ಇದೆ. ಅದನ್ನು ಮುಂದೆ ಒಪ್ಪಿಕೊಳ್ಳುತ್ತೇನೆ. ಆದರೆ ಮೊದಲು ನೀವು ಕೊಟ್ಟಿರುವ ಆ ಎರಡು ಅಂಕಿಗಳ ಬಗ್ಗೆ ಹೇಳಬೇಕು, ಏಕೆಂದರೆ ಹಗಿನ್ಸ್ ಎಂಥ ಆಟಗಾರರಾಗಿದ್ದರು ಎಂಬುದನ್ನು ತಿಳಿಸುವ ಅಂಕಿಗಳು ಅವಲ್ಲ.

ಬೇಸ್‌ಬಾಲಿನಲ್ಲಿ ಪಿಚರ್ ಎಸೆದ ನಾಲ್ಕು ಚೆಂಡುಗಳು ಸ್ಟ್ರೈಕ್ ವಲಯದ, ಅಂದರೆ ಬ್ಯಾಟರ್ ಹೊಡೆಯಬೇಕಾದ ನಿಗದಿತ ಜಾಗದ, ಹೊರಗೆ ಹೋಗಿ, ಬ್ಯಾಟರ್ ಅವುಗಳಿಗೆ ಆಸೆಪಟ್ಟು ಬ್ಯಾಟ್ ಬೀಸದೆ ಉಳಿದರೆ, ಅವರು ಓಡಬೇಕಾದ್ದೂ ಇಲ್ಲದೆ ನಡೆದುಕೊಂಡೇ ಮೊದಲ ಬೇಸ್ ಸೇರುತ್ತಾರೆ. ಇದಕ್ಕೆ ವಾಕ್ ಎನ್ನುತ್ತಾರೆ. ಬ್ಯಾಟಿಂಗ್ ಸರಾಸರಿ ಎಂದರೆ ಅಧಿಕೃತ ಸರದಿಗಳಲ್ಲಿ ಎಷ್ಟು ಪಾಲು ಹಿಟ್, ಅಂದರೆ ಚೆಂಡನ್ನು ಹೊಡೆದು ಬೇಸ್ ಸೇರಿದ್ದು, ಎಂಬ ಲೆಕ್ಕ; ಅದರಲ್ಲಿ ವಾಕ್‌ಗಳನ್ನು ಸೇರಿಸುವುದಿಲ್ಲ. ಹಗಿನ್ಸ್ 1,586 ಪಂದ್ಯಗಳಲ್ಲಿ ಹೊಡೆದ ಹಿಟ್‌ಗಳು 1,474, ಆದರೆ ಗಳಿಸಿದ ವಾಕ್‌ಗಳು 1,003. ಎರಡು ಮೇಜರ್ ಲೀಗುಗಳಲ್ಲಿ ಒಂದಾದ ನ್ಯಾಷನಲ್ ಲೀಗಿನಲ್ಲಿ ಅತಿ ಹೆಚ್ಚು ವಾಕ್ ಪಡೆದವರ ಪಟ್ಟಿಯ ತುದಿಯಲ್ಲಿ ಅವರು ನಾಲ್ಕು ವರ್ಷ ಇದ್ದರು: 1905, 1907, 1910 ಮತ್ತು 1914. 1910ರ ಒಂದೇ ಋತುವಿನಲ್ಲಿ 116 ವಾಕ್. ಅದೇ ವರ್ಷದ ಒಂದು ಪಂದ್ಯದಲ್ಲಿ ಅವರು ಆರು ಸಲ ಬ್ಯಾಟ್ ಹಿಡಿದು ನಿಂತಿದ್ದರೂ, ನಾಲ್ಕು ವಾಕ್ ಮತ್ತು ಎರಡು ತ್ಯಾಗದ ಹೊಡೆತಗಳಿಂದಾಗಿ (ತಾವು ಔಟಾಗಿ ಓಟಗಾರನನ್ನು ಮುಂದೆ ಸಾಗಿಸುವ ಹೊಡೆತಗಳು), ಅಧಿಕೃತ ದಾಖಲೆಯಲ್ಲಿ ಅವರು ಒಮ್ಮೆಯೂ ಬ್ಯಾಟ್ ಮಾಡಿದಂತೆ ಲೆಕ್ಕವಾಗಲಿಲ್ಲ! ಬೇಸ್ ತಲುಪಿದ ಪ್ರಮಾಣವನ್ನು ನೋಡಿದರೆ ಅವರದು 0.382. ಒಂದು ಓಟವೂ ದುಬಾರಿಯಾಗಿದ್ದ ಆ ಕಾಲಕ್ಕೆ, ಅದೂ ಒಬ್ಬ ಎರಡನೇ ಬೇಸ್ ಆಟಗಾರನಿಗೆ, ಇದು ಬಹಳ ಒಳ್ಳೆಯ ಅಂಕಿ. ಬೇಸ್ ಸೇರಿದ ಮೇಲೂ ಸುಮ್ಮನೆ ನಿಲ್ಲುತ್ತಿರಲಿಲ್ಲ. 324 ಬೇಸ್‌ಗಳನ್ನು ಕದ್ದರು, ಅಂದರೆ ಯಾರೂ ಚೆಂಡು ಹೊಡೆಯುವುದನ್ನು ಕಾಯದೆ ಮುಂದಿನ ಬೇಸಿಗೆ ಓಡಿ ಸೇರಿದರು.

ಈ ಬಗೆಯ ಆಟಕ್ಕೆ ದೇಹವೂ ಒಂದು ಕಾರಣ. ಹಗಿನ್ಸ್ ಅವರ ಎತ್ತರ ಐದು ಅಡಿ ಆರು ಇಂಚಿನ ಆಸುಪಾಸು, ತೂಕ ಸುಮಾರು 63 ಕಿಲೋ. ಚೆಂಡನ್ನು ಬೇಲಿಯಾಚೆ ಹಾರಿಸುವ ಶಕ್ತಿ ಇಲ್ಲದವರು ಚೆಂಡನ್ನು ಓದುವುದನ್ನು ಕಲಿಯಬೇಕಾಗುತ್ತದೆ. ಅವರು ಬಲಗೈ, ಎಡಗೈ ಎರಡೂ ಕಡೆ ನಿಂತು ಬ್ಯಾಟ್ ಮಾಡುತ್ತಿದ್ದರು, ಮತ್ತು ಕಾಯುತ್ತಿದ್ದರು. ಈ ಕಾಯುವ ಗುಣವನ್ನು ನೆನಪಿಟ್ಟುಕೊಳ್ಳಿ. ಅವರ ಮ್ಯಾನೇಜರ್‌ಗಿರಿಯನ್ನೂ ನಾನು ಅದರಿಂದಲೇ ಅರ್ಥ ಮಾಡಿಕೊಂಡಿದ್ದೇನೆ.

ಹಗಿನ್ಸ್ ಒಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಹುಟ್ಟಿದವರು. ತಂದೆ ಇಂಗ್ಲೆಂಡಿನಿಂದ ಬಂದು ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಮೆಥಡಿಸ್ಟ್ ಪಂಥದ ಕಟ್ಟುನಿಟ್ಟಿನ ಮನುಷ್ಯ. ಭಾನುವಾರ ಚೆಂಡಾಡುವುದು ಅವರಿಗೆ ಸಹಿಸಲಾಗದ ವಿಷಯವಾಗಿದ್ದುದರಿಂದ ಮಗ ‘ಪ್ರಾಕ್ಟರ್’ ಎಂಬ ಸುಳ್ಳು ಹೆಸರಿನಲ್ಲಿ ಆಡಬೇಕಾಯಿತು. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಪದವಿಯನ್ನೂ ಪಡೆದರು. ಅಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಒಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದ ವಿಲಿಯಂ ಹೋವರ್ಡ್ ಟಾಫ್ಟ್. ವಕೀಲಿಗಿಂತ ಬೇಸ್‌ಬಾಲೇ ನಿನಗೆ ಒಗ್ಗುತ್ತದೆ ಎಂದು ಸಲಹೆ ಕೊಟ್ಟವರೂ ಅವರೇ ಎಂದು ಹೇಳುತ್ತಾರೆ. ಹಗಿನ್ಸ್ ವಕೀಲಿ ಮಾಡಲಿಲ್ಲ. ಸೇಂಟ್ ಪಾಲ್ ನಗರದ ಕಿರಿಯ ಲೀಗ್ ತಂಡದಲ್ಲಿ ಆಡಿ, 1904ರಲ್ಲಿ ಹುಟ್ಟೂರಿನ ಸಿನ್ಸಿನಾಟಿ ರೆಡ್ಸ್ ತಂಡ ಸೇರಿದರು, 1910ರಲ್ಲಿ ಅದಲುಬದಲಿನ ಮೂಲಕ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಹೋದರು.

ಬೇಸ್‌ಬಾಲಿನ ಮ್ಯಾನೇಜರ್ ಎಂದರೆ ಕಚೇರಿಯಲ್ಲಿ ಕುಳಿತು ಲೆಕ್ಕ ನೋಡುವವರಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಕ್ರಿಕೆಟ್ಟಿನಲ್ಲಿ ನಾಯಕ ಮೈದಾನದಲ್ಲಿ ತೆಗೆದುಕೊಳ್ಳುವ ನಿರ್ಧಾರಗಳನ್ನೂ, ಕೋಚ್ ಮಾಡುವ ತಯಾರಿಯನ್ನೂ, ಅಂದಿನ ದಿನಗಳಲ್ಲಿ ಆಯ್ಕೆಗಾರರ ಕೆಲಸದ ದೊಡ್ಡ ಪಾಲನ್ನೂ ಒಬ್ಬರೇ ಹೊತ್ತರೆ ಅವರು ಬೇಸ್‌ಬಾಲಿನ ಮ್ಯಾನೇಜರ್. ಈ ಹುದ್ದೆಗೆ ಇನ್‌ಫೀಲ್ಡರ್‌ಗಳು, ಅಂದರೆ ಬೇಸ್‌ಗಳ ಬಳಿ ನಿಂತು ಆಡುವವರು, ಹೆಚ್ಚಾಗಿ ಬರುತ್ತಿದ್ದುದು ಆಕಸ್ಮಿಕವಲ್ಲ. ಎರಡನೇ ಬೇಸ್ ಆಟಗಾರನಿಗೆ, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಪಿಚರ್‌ಗೆ ತೋರಿಸುವ ಬೆರಳ ಸನ್ನೆ ಕಾಣುತ್ತದೆ. ಬರಲಿರುವ ಚೆಂಡು ಯಾವುದೆಂದು ತಿಳಿದು ಒಂದು ಹೆಜ್ಜೆ ಈಚೆಗೋ ಆಚೆಗೋ ಸರಿಯಬೇಕು. ಓಟಗಾರ ಬೇಸ್ ಕದಿಯಲು ಹೊರಟರೆ ತಾನು ಹೋಗಬೇಕೋ, ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹೋಗಬೇಕೋ ಎಂದು ಮೊದಲೇ ನಿರ್ಧಾರವಾಗಿರಬೇಕು. ದೂರದ ಮೈದಾನದಿಂದ ಬಂದ ಎಸೆತವನ್ನು ತಡೆದು ಎಲ್ಲಿಗೆ ತಿರುಗಿಸಬೇಕೆಂದು ಅರೆಕ್ಷಣದಲ್ಲಿ ಲೆಕ್ಕ ಹಾಕಬೇಕು. ಹತ್ತು ವರ್ಷ ಈ ಕೆಲಸ ಮಾಡಿದವರು ಅರಿವಿಲ್ಲದೆಯೇ ಇಡೀ ಆಟವನ್ನು ನಡೆಸಲು ಕಲಿತಿರುತ್ತಾರೆ. ಶಿಕಾಗೋ ಕಬ್ಸ್ ತಂಡವನ್ನು 1907 ಮತ್ತು 1908ರಲ್ಲಿ ಗೆಲ್ಲಿಸಿದ ಫ್ರಾಂಕ್ ಚಾನ್ಸ್ ಮೊದಲನೇ ಬೇಸ್ ಕಾಯುತ್ತಿದ್ದವರು. ನ್ಯೂಯಾರ್ಕ್ ಜೈಂಟ್ಸ್‌ನ ಜಾನ್ ಮೆಗ್ರಾ ಮೂರನೇ ಬೇಸ್‌ನವರು. ಡೆಟ್ರಾಯಿಟ್‌ನ ಹ್ಯೂಯಿ ಜೆನ್ನಿಂಗ್ಸ್ ಶಾರ್ಟ್‌ಸ್ಟಾಪ್. ಇದಕ್ಕಿಂತ ಸ್ವಾರಸ್ಯದ ಇನ್ನೊಂದು ಸಂಗತಿಯಿದೆ. ಹಗಿನ್ಸ್ ಮುಂದೆ ತಮ್ಮ ತಂಡವನ್ನು ಆರು ಬಾರಿ ವರ್ಲ್ಡ್ ಸೀರೀಸ್‌ಗೆ, ಅಂದರೆ ಎರಡು ಲೀಗುಗಳ ವಿಜೇತರ ನಡುವಿನ ಅಂತಿಮ ಸರಣಿಗೆ, ಕರೆದೊಯ್ದರು. ಆ ಆರೂ ಸಲ ಎದುರಾಳಿ ಡಗ್‌ಔಟಿನಲ್ಲಿದ್ದವರು ಇನ್‌ಫೀಲ್ಡರ್‌ಗಳೇ: ಮೂರು ಬಾರಿ ಮೆಗ್ರಾ, ಬಳಿಕ ಎರಡನೇ ಬೇಸಿನ ರಾಜರ್ಸ್ ಹಾರ್ನ್ಸ್‌ಬಿ, ಶಾರ್ಟ್‌ಸ್ಟಾಪ್ ಆಗಿದ್ದ ಡೋನಿ ಬುಶ್, ಮೂರನೇ ಬೇಸಿನ ಬಿಲ್ ಮೆಕೆಕ್ನಿ.

ಕಾರ್ಡಿನಲ್ಸ್ ಆಗ ಬಡ ತಂಡ. ಚಿಕ್ಕಪ್ಪನಿಂದ ಬಂದ ಆಸ್ತಿಯಾಗಿ 1911ರಲ್ಲಿ ಅದರ ಒಡತಿಯಾದ ಹೆಲೀನ್ ಬ್ರಿಟನ್ ಅವರು ಮೇಜರ್ ಲೀಗ್ ತಂಡವೊಂದರ ಮೊದಲ ಮಹಿಳಾ ಮಾಲೀಕರು. ಅವರಿಗೂ ಮ್ಯಾನೇಜರ್ ರಾಜರ್ ಬ್ರೆಸ್ನಹಾನ್ ಅವರಿಗೂ ಹೊಂದಿಕೆಯಾಗಲಿಲ್ಲ. 1913ರಿಂದ ಆ ಜಾಗಕ್ಕೆ ಹಗಿನ್ಸ್ ಬಂದರು, ಎರಡನೇ ಬೇಸಿನಲ್ಲಿ ಆಡುತ್ತಲೇ ತಂಡವನ್ನೂ ನಡೆಸಿದರು. ಮೊದಲ ವರ್ಷ 99 ಸೋಲು, ಕೊನೆಯ ಸ್ಥಾನ. ಮರುವರ್ಷ ಮೂರನೆಯ ಸ್ಥಾನ. ನಂತರ ಮತ್ತೆ ಕೆಳಗೆ, 1917ರಲ್ಲಿ 82 ಗೆಲುವುಗಳೊಂದಿಗೆ ಮತ್ತೆ ಮೂರನೆಯದು. ಐದು ವರ್ಷಗಳ ಲೆಕ್ಕ 346 ಗೆಲುವು, 415 ಸೋಲು. ಇದು ಹೆಮ್ಮೆಯ ದಾಖಲೆಯಲ್ಲ, ಆದರೆ ಆಟಗಾರರನ್ನು ಕೊಳ್ಳಲು ದುಡ್ಡಿಲ್ಲದ ತಂಡದಲ್ಲಿ ಇದನ್ನು ನೋಡಬೇಕು.

ಆ ದಿನಗಳ ಎರಡು ಪ್ರಸಂಗಗಳು ಮನುಷ್ಯನನ್ನು ತೋರಿಸುತ್ತವೆ. 1915ರಲ್ಲಿ ಬ್ರೂಕ್ಲಿನ್ ವಿರುದ್ಧದ ಪಂದ್ಯದಲ್ಲಿ ಹಗಿನ್ಸ್ ಮೂರನೇ ಬೇಸ್ ಬಳಿ ನಿಂತು ಓಟಗಾರರಿಗೆ ಸೂಚನೆ ಕೊಡುತ್ತಿದ್ದರು. ಎದುರಾಳಿ ಪಿಚರ್ ಎಡ್ ಆ್ಯಪಲ್‌ಟನ್ ಹೊಸಬರು. ಚೆಂಡನ್ನು ಒಮ್ಮೆ ನೋಡಬೇಕು, ಇತ್ತ ಎಸೆ ಎಂದು ಹಗಿನ್ಸ್ ಕೂಗಿದರು. ಆ್ಯಪಲ್‌ಟನ್ ವಿಧೇಯತೆಯಿಂದ ಎಸೆದರು. ಹಗಿನ್ಸ್ ಪಕ್ಕಕ್ಕೆ ಸರಿದು ಚೆಂಡನ್ನು ಉರುಳಿಹೋಗಲು ಬಿಟ್ಟರು. ಮೂರನೇ ಬೇಸಿನಲ್ಲಿದ್ದ ಓಟಗಾರ ಆರಾಮವಾಗಿ ಹೋಮ್ ಪ್ಲೇಟ್ ಮುಟ್ಟಿ ಓಟ ಗಳಿಸಿದರು. ವಕೀಲರ ಬುದ್ಧಿ ಎಂದು ನನಗೆ ನಗು ಬರುತ್ತದೆ. ಇನ್ನೊಂದು ಪ್ರಸಂಗ ಅದೇ ವರ್ಷದ ಕೊನೆಯದು. ಟೆಕ್ಸಾಸ್‌ನಿಂದ ಬಂದ ಹತ್ತೊಂಬತ್ತು ವರ್ಷದ, ಕಡ್ಡಿಯಂಥ ಹುಡುಗ ಹಾರ್ನ್ಸ್‌ಬಿಗೆ, ನಿನ್ನನ್ನು ಇನ್ನೊಂದು ವರ್ಷ ಕಿರಿಯ ಲೀಗಿಗೆ ಕಳಿಸಬೇಕಾಗುತ್ತದೆ ಎಂಬ ಅರ್ಥದಲ್ಲಿ ಹಗಿನ್ಸ್ ಮಾತಾಡಿದರು. ಅದಕ್ಕೆ ಬೇಸ್‌ಬಾಲಿನವರು ಬಳಸುವ ಮಾತಿನಲ್ಲಿ ‘ಫಾರ್ಮ್’ ಎಂಬ ಶಬ್ದವಿದೆ. ಹುಡುಗ ಅದನ್ನು ಅಕ್ಷರಶಃ ತೆಗೆದುಕೊಂಡು, ಚಳಿಗಾಲವಿಡೀ ನೆಂಟರ ಹೊಲದಲ್ಲಿ ದುಡಿದು, ಚೆನ್ನಾಗಿ ತಿಂದು, ಮೈತುಂಬಿಕೊಂಡು ಬಂದ ಎಂಬುದು ಪ್ರಸಿದ್ಧ ಕತೆ. ಕತೆ ಎಷ್ಟು ಬಣ್ಣ ಪಡೆದಿದ್ದರೂ ಫಲ ನಿಜ: 1916ರಿಂದ ಹಗಿನ್ಸ್ ಅವರನ್ನು ದಿನವೂ ಆಡಿಸಿದರು, ಮತ್ತು ಹಾರ್ನ್ಸ್‌ಬಿ ನ್ಯಾಷನಲ್ ಲೀಗ್ ಕಂಡ ಅತ್ಯುತ್ತಮ ಬಲಗೈ ಬ್ಯಾಟರ್ ಆದರು.

1917ರಲ್ಲಿ ಬ್ರಿಟನ್ ತಂಡವನ್ನು ಮಾರಲು ಹೊರಟಾಗ ಹಗಿನ್ಸ್ ತಾವೇ ಕೊಳ್ಳಲು ಪ್ರಯತ್ನಿಸಿದರು, ಆಗಲಿಲ್ಲ. ಸ್ಥಳೀಯ ಹೂಡಿಕೆದಾರರ ಕೈಗೆ ತಂಡ ಹೋಯಿತು, ಅದರ ಆಡಳಿತಕ್ಕೆ ಬ್ರಾಂಚ್ ರಿಕಿ ಬಂದರು. ಇತ್ತ ನ್ಯೂಯಾರ್ಕ್ ಯಾಂಕೀಸ್ ಹೊಸ ಮ್ಯಾನೇಜರನ್ನು ಹುಡುಕುತ್ತಿತ್ತು. ಆ ತಂಡಕ್ಕೆ ಇಬ್ಬರು ಮಾಲೀಕರು: ಬಿಯರ್ ಕಾರ್ಖಾನೆಯ ಒಡೆಯ ಜೇಕಬ್ ರಪ್ಪರ್ಟ್, ಮತ್ತು ಎಂಜಿನಿಯರ್ ಹ್ಯೂಸ್ಟನ್. ಹ್ಯೂಸ್ಟನ್ ಆಗ ಯುದ್ಧದ ಕೆಲಸದ ಮೇಲೆ ಫ್ರಾನ್ಸಿನಲ್ಲಿದ್ದರು. ಅವರ ಮನಸ್ಸಿನಲ್ಲಿದ್ದವರು ಬ್ರೂಕ್ಲಿನ್‌ನ ವಿಲ್ಬರ್ಟ್ ರಾಬಿನ್ಸನ್. ಅಮೆರಿಕನ್ ಲೀಗಿನ ಅಧ್ಯಕ್ಷ ಬ್ಯಾನ್ ಜಾನ್ಸನ್ ಅವರ ಒತ್ತಾಸೆಯಿಂದ ರಪ್ಪರ್ಟ್ ಹಗಿನ್ಸ್ ಅವರನ್ನು ನೇಮಿಸಿಬಿಟ್ಟರು. ಹ್ಯೂಸ್ಟನ್ ಇದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಹೀಗೆ ಅರ್ಧ ಒಡೆತನದ ವಿರೋಧ ಕಟ್ಟಿಕೊಂಡೇ ಹಗಿನ್ಸ್ 1918ರಲ್ಲಿ ಕೆಲಸ ಶುರು ಮಾಡಿದರು. ಆಟಗಾರರಿಗೆ ಇದು ತಿಳಿಯದ ಗುಟ್ಟೇನೂ ಆಗಿರಲಿಲ್ಲ. ಮ್ಯಾನೇಜರ್ ಶಿಸ್ತಿನ ಮಾತಾಡಿದರೆ ನೇರವಾಗಿ ಇನ್ನೊಬ್ಬ ಮಾಲೀಕರ ಬಳಿ ಹೋಗಬಹುದು ಎಂಬುದು ಅವರಿಗೆ ಗೊತ್ತಿತ್ತು. ಆ ಆರು ವರ್ಷಗಳಲ್ಲಿ ಹಗಿನ್ಸ್ ಅವರನ್ನು ದುರ್ಬಲರೆಂದು ಬರೆದವರು ಈ ಒಂದು ಸಂಗತಿಯನ್ನು ಸಾಕಷ್ಟು ತೂಗಿ ನೋಡಲಿಲ್ಲ ಎಂದು ನನ್ನ ಅಭಿಪ್ರಾಯ.

ಈಗ ದುಡ್ಡಿನ ವಿಷಯ. 1920ರ ಜನವರಿಯಲ್ಲಿ ಬೋಸ್ಟನ್ ರೆಡ್ ಸಾಕ್ಸ್‌ನಿಂದ ಬೇಬ್ ರೂತ್ ಅವರನ್ನು ಒಂದು ಲಕ್ಷ ಡಾಲರಿಗೆ ಕೊಂಡ ಸುದ್ದಿ ಹೊರಬಿತ್ತು. ಅದರ ಜೊತೆಗೆ ಬೋಸ್ಟನ್ನಿನ ಮಾಲೀಕ ಹ್ಯಾರಿ ಫ್ರೇಜಿ ಅವರಿಗೆ ರಪ್ಪರ್ಟ್ ದೊಡ್ಡ ಸಾಲವನ್ನೂ ಕೊಡಲು ಒಪ್ಪಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. 1923ರಲ್ಲಿ ಯಾಂಕೀಸ್ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಾಗ ಅವರ ಆರು ಮುಖ್ಯ ಪಿಚರ್‌ಗಳಲ್ಲಿ ಐವರು, ಅಂದರೆ ವೇಟ್ ಹಾಯ್ಟ್, ಹರ್ಬ್ ಪೆನಾಕ್, ಜೋ ಬುಶ್, ಸ್ಯಾಮ್ ಜೋನ್ಸ್, ಕಾರ್ಲ್ ಮೇಸ್, ಬೋಸ್ಟನ್ನಿನಿಂದ ಬಂದವರೇ. ಆದ್ದರಿಂದ ಮೊದಲ ಮೂರು ಪೆನಂಟ್‌ಗಳ, ಅಂದರೆ ಲೀಗ್ ಪ್ರಶಸ್ತಿಗಳ, ಮಟ್ಟಿಗೆ ರಪ್ಪರ್ಟ್ ಅವರ ಥೈಲಿಗೆ ದೊಡ್ಡ ಪಾಲು ಸಲ್ಲಬೇಕು ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ.

ಆದರೆ ಇಲ್ಲಿಯೂ ಹಗಿನ್ಸ್ ಅವರ ಒಂದು ನಿಲುವು ಗಮನಿಸಬೇಕಾದದ್ದು. ಅವರು ಬೆಳೆದದ್ದು ಬಂಟ್ (ಚೆಂಡನ್ನು ಬ್ಯಾಟಿನಿಂದ ಮೆಲ್ಲನೆ ತಟ್ಟುವುದು), ಬೇಸ್ ಕಳವು, ಒಂದೊಂದು ಓಟವನ್ನೂ ಕೂಡಿಸಿ ಗೆಲ್ಲುವ ಹಳೆಯ ಆಟದಲ್ಲಿ. ಅಂಥವರು ಮ್ಯಾನೇಜರ್ ಆದಾಗ ತಮ್ಮ ಆಟವನ್ನೇ ಎಲ್ಲರಿಗೂ ಹೊಲಿದು ತೊಡಿಸಲು ನೋಡುವುದು ಸಾಮಾನ್ಯ. ಹಗಿನ್ಸ್ ಹಾಗೆ ಮಾಡಲಿಲ್ಲ. ಒಂಬತ್ತು ಹೋಮ್ ರನ್‌ಗಳ ಈ ಮನುಷ್ಯ ರೂತ್ ಅವರನ್ನು ಪಿಚಿಂಗ್‌ನಿಂದ ಬಹುಮಟ್ಟಿಗೆ ಬಿಡಿಸಿ, ದಿನವೂ ಬ್ಯಾಟ್ ಮಾಡಲು ಬಿಟ್ಟು, ಇಡೀ ತಂಡವನ್ನು ದೊಡ್ಡ ಹೊಡೆತದ ಸುತ್ತ ಕಟ್ಟಿದರು. ರೂತ್ 1920ರಲ್ಲಿ 54 ಹೋಮ್ ರನ್ ಹೊಡೆದರು, ಮರುವರ್ಷ 59. ಅದೇ ರೂತ್ 1923ರಲ್ಲಿ 170 ವಾಕ್ ಪಡೆದರು ಎಂಬುದನ್ನು ಓದಿದಾಗ, ಹಗಿನ್ಸ್ ತಮ್ಮ ಹಳೆಯ ವಿದ್ಯೆ ಇಷ್ಟು ದೊಡ್ಡ ತೋಳುಗಳಲ್ಲಿ ನಡೆಯುವುದನ್ನು ಕಂಡು ಒಳಗೊಳಗೇ ಸಂತೋಷಪಟ್ಟಿರಬೇಕು ಎಂದು ಊಹಿಸುತ್ತೇನೆ.

1921 ಮತ್ತು 1922ರಲ್ಲಿ ಯಾಂಕೀಸ್ ಅಮೆರಿಕನ್ ಲೀಗ್ ಗೆದ್ದರೂ ವರ್ಲ್ಡ್ ಸೀರೀಸಿನಲ್ಲಿ ಎರಡೂ ಸಲ ಮೆಗ್ರಾ ಅವರ ಜೈಂಟ್ಸ್‌ಗೆ ಸೋತಿತು. ಎರಡನೇ ಸಲ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಹಗಿನ್ಸ್ ಇನ್ನು ಈ ತಂಡವನ್ನು ನಡೆಸುವುದಿಲ್ಲ ಎಂದು ಹ್ಯೂಸ್ಟನ್ ಸಾರಿದರು. ನಡೆದದ್ದು ಬೇರೆ: 1923ರಲ್ಲಿ ರಪ್ಪರ್ಟ್ ಹ್ಯೂಸ್ಟನ್ ಅವರ ಅರ್ಧ ಪಾಲನ್ನು ಕೊಂಡುಕೊಂಡರು, ತಾನೊಬ್ಬನೇ ಮಾಲೀಕ, ಹಗಿನ್ಸ್ ತನ್ನ ಮ್ಯಾನೇಜರ್ ಎಂದು ಆಟಗಾರರಿಗೆ ತಂತಿ ಕಳಿಸಿದರು. ಆ ಏಪ್ರಿಲ್ 18ರಂದು ಹೊಸ ಯಾಂಕೀ ಸ್ಟೇಡಿಯಂ ತೆರೆದಿತ್ತು. ಅಕ್ಟೋಬರಿನಲ್ಲಿ ಜೈಂಟ್ಸ್ ಅನ್ನು 4–2ರಿಂದ ಸೋಲಿಸಿದರು.

ಆದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಸೋಲಿನ ವರ್ಷವಾದ 1925ರಲ್ಲಿ. ಅದೇ ರೂತ್, ಅದೇ ಮಾಲೀಕ, ಅದೇ ದುಡ್ಡು. ತಂಡ 69 ಪಂದ್ಯ ಗೆದ್ದು 85 ಸೋತು ಏಳನೆಯ ಸ್ಥಾನಕ್ಕೆ ಬಿತ್ತು. ಏಪ್ರಿಲಿನಲ್ಲಿ ರೂತ್ ಕುಸಿದು ಬಿದ್ದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಜೂನ್ ಹೊತ್ತಿಗಷ್ಟೇ ಮರಳಿದರು. ಮರಳಿದ ಮೇಲೂ ರಾತ್ರಿಯ ತಿರುಗಾಟ ಬಿಡಲಿಲ್ಲ. ಆಗಸ್ಟ್ 29ರಂದು ಸೇಂಟ್ ಲೂಯಿಸ್‌ನಲ್ಲಿ ಅವರು ಮೈದಾನಕ್ಕೆ ತಡವಾಗಿ ಬಂದಾಗ ಹಗಿನ್ಸ್, ಉಡುಪು ಬದಲಿಸುವ ತೊಂದರೆ ತೆಗೆದುಕೊಳ್ಳಬೇಡಿ ಎಂದರು: ಅಮಾನತು, ಜೊತೆಗೆ 5,000 ಡಾಲರ್ ದಂಡ. ಆಗ ರೂತ್ ಅವರ ವಾರ್ಷಿಕ ಸಂಬಳವೇ 52,000 ಡಾಲರ್. ಯಾವ ಆಟಗಾರನೂ ಅಷ್ಟು ದೊಡ್ಡ ದಂಡವನ್ನು ಅದುವರೆಗೆ ಕಂಡಿರಲಿಲ್ಲ. ರೂತ್ ಸಿಟ್ಟಿನಿಂದ, ಹಗಿನ್ಸ್ ಇರುವವರೆಗೆ ತಾವು ಆಡುವುದಿಲ್ಲ ಎಂದು ಪತ್ರಕರ್ತರ ಮುಂದೆ ಹೇಳುತ್ತ ನ್ಯೂಯಾರ್ಕಿಗೆ ಹೋದರು. ಹಿಂದಿನ ಕಾಲವಾಗಿದ್ದರೆ ಹ್ಯೂಸ್ಟನ್ ಅವರ ಬಾಗಿಲು ತೆರೆದಿರುತ್ತಿತ್ತು. ಈಗ ರಪ್ಪರ್ಟ್ ಮತ್ತು ಆಡಳಿತ ನೋಡುತ್ತಿದ್ದ ಎಡ್ ಬ್ಯಾರೋ ಇಬ್ಬರೂ ಮ್ಯಾನೇಜರ್ ಪರ ನಿಂತರು. ರೂತ್ ಕ್ಷಮೆ ಕೇಳಿದರು. ಹಗಿನ್ಸ್ ತಕ್ಷಣ ಸೇರಿಸಿಕೊಳ್ಳದೆ ಕೆಲವು ದಿನ ಕಾಯಿಸಿ, ಸೆಪ್ಟೆಂಬರ್ 7ರಂದು ಆಡಿಸಿದರು. ಐದು ವರ್ಷಕ್ಕೂ ಮಿಕ್ಕಿ ಸಹಿಸಿಕೊಂಡ ಮನುಷ್ಯ, ತಂಡ ಹೇಗೂ ಮುಳುಗಿರುವ ವರ್ಷವನ್ನೇ ಆರಿಸಿಕೊಂಡು, ಕಳೆದುಕೊಳ್ಳುವುದು ಏನೂ ಇಲ್ಲದಾಗ ಈ ಪೆಟ್ಟು ಕೊಟ್ಟರು. ಒಳ್ಳೆಯ ಚೆಂಡಿಗೆ ಕಾದು ಬ್ಯಾಟ್ ಬೀಸುವವರು ಹೀಗೆಯೇ ಯೋಚಿಸುತ್ತಾರೆ.

ಆ ಸೋಲಿನ ವರ್ಷದ ಒಳಗೇ ಅವರು ಮುಂದಿನ ತಂಡವನ್ನು ಕಟ್ಟುತ್ತಿದ್ದರು. ಮೇ ತಿಂಗಳಲ್ಲಿ, ಸತತ 1,307 ಪಂದ್ಯಗಳನ್ನು ಆಡಿದ್ದ ಶಾರ್ಟ್‌ಸ್ಟಾಪ್ ಎವರೆಟ್ ಸ್ಕಾಟ್ ಅವರನ್ನು ಕೂರಿಸಿದರು. ಜೂನ್ 2ರಂದು ವಾಲಿ ಪಿಪ್ ಅವರ ಬದಲು ಮೊದಲನೇ ಬೇಸಿಗೆ ಲೂ ಗೆರಿಗ್ ಅವರನ್ನು ಕಳಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದಿಂದ 1923ರಲ್ಲಿ ಬಂದ ಈ ಯುವಕನನ್ನು ಎರಡು ಋತು ಹಾರ್ಟ್‌ಫರ್ಡ್‌ನಲ್ಲಿ ಪಳಗಿಸಲು ಬಿಟ್ಟಿದ್ದರು. ಗೆರಿಗ್ ಆಮೇಲೆ 2,130 ಪಂದ್ಯಗಳವರೆಗೆ ಒಂದನ್ನೂ ತಪ್ಪಿಸಲಿಲ್ಲ. 1926ರಲ್ಲಿ ಎರಡನೇ ಬೇಸಿಗೆ ಟೋನಿ ಲಝೇರಿ, ಶಾರ್ಟ್‌ಸ್ಟಾಪ್‌ಗೆ ಮಾರ್ಕ್ ಕೇನಿಗ್, ಇಬ್ಬರೂ ಹೊಸಬರು. ಮೈದಾನದ ನಡುವಿನ ಜೋಡಿಯನ್ನು ಅನನುಭವಿಗಳಿಗೆ ಒಪ್ಪಿಸುವುದು ಹುಚ್ಚುತನವೆಂದು ಹೇಳಿದವರು ಅನೇಕರು. ಆ ಜಾಗದಲ್ಲೇ ಬದುಕು ಕಳೆದ ಹಗಿನ್ಸ್ ತಪ್ಪುಗಳನ್ನು ಸಹಿಸಿ ಅವರನ್ನೇ ಆಡಿಸಿದರು. ಕಿರಿಯ ಲೀಗಿನಿಂದ ಬಂದ ಅರ್ಲ್ ಕೂಂಬ್ಸ್ ಬಹಳ ವೇಗದ ಓಟಗಾರ. ಅವರಿಗೆ, ನೀವು ಬೇಸ್ ಕದಿಯಬೇಡಿ, ಮೊದಲ ಬೇಸ್ ಸೇರಿ ರೂತ್ ಹೊಡೆಯುವವರೆಗೆ ಕಾಯಿರಿ ಎಂದು ಹಗಿನ್ಸ್ ಹೇಳಿದರೆಂಬುದು ಪ್ರಚಲಿತ. ಪಿಚರ್ ಅರ್ಬನ್ ಶಾಕರ್ ಅವರದು ಇನ್ನೊಂದು ಬಗೆಯ ಕಾಯುವಿಕೆ: 1918ರ ಆರಂಭದಲ್ಲಿ ಅವರನ್ನು ಸೇಂಟ್ ಲೂಯಿಸ್ ಬ್ರೌನ್ಸ್‌ಗೆ ಬಿಟ್ಟುಕೊಟ್ಟದ್ದು ತಪ್ಪೆಂದು ಅರಿತ ಹಗಿನ್ಸ್, 1924ರ ಋತು ಮುಗಿದ ಮೇಲೆ ಮರಳಿ ತಂದರು. ಗಮನಿಸಿ, ಗೆರಿಗ್, ಲಝೇರಿ, ಕೇನಿಗ್, ಕೂಂಬ್ಸ್ ಈ ನಾಲ್ವರಲ್ಲಿ ಯಾರೂ ಬೋಸ್ಟನ್ನಿನಿಂದ ಕೊಂಡು ತಂದ ಸಿದ್ಧ ಆಟಗಾರರಲ್ಲ.

ಏಳನೆಯ ಸ್ಥಾನದಿಂದ ಮರುವರ್ಷವೇ ಮೊದಲನೆಯ ಸ್ಥಾನ. 1926ರ ವರ್ಲ್ಡ್ ಸೀರೀಸಿನಲ್ಲಿ ಎದುರಾದವರು ಹಗಿನ್ಸ್ ಅವರ ಹಳೆಯ ಕಾರ್ಡಿನಲ್ಸ್. ಅದರ ಮ್ಯಾನೇಜರ್, ಎರಡನೇ ಬೇಸ್‌ನಲ್ಲಿ ಆಡುತ್ತಲೇ ತಂಡ ನಡೆಸುತ್ತಿದ್ದ ಹಾರ್ನ್ಸ್‌ಬಿ. ಏಳನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ರೂತ್ ಎರಡನೇ ಬೇಸ್ ಕದಿಯಲು ಓಡಿದರು, ಕ್ಯಾಚರ್ ಎಸೆದ ಚೆಂಡನ್ನು ಹಿಡಿದು ಅವರನ್ನು ಔಟ್ ಮಾಡಿದವರು ಹಾರ್ನ್ಸ್‌ಬಿಯೇ. ತಾವು ಬೆಳೆಸಿದ ಹುಡುಗ ತಮ್ಮದೇ ಹಳೆಯ ಜಾಗದಲ್ಲಿ ನಿಂತು ತಮ್ಮನ್ನು ಸೋಲಿಸಿದ್ದನ್ನು ಹಗಿನ್ಸ್ ಡಗ್‌ಔಟಿನಿಂದ ನೋಡಬೇಕಾಯಿತು. 1927ರ ತಂಡದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: 110 ಗೆಲುವು, 44 ಸೋಲು, ರೂತ್ 60 ಹೋಮ್ ರನ್, ಗೆರಿಗ್ 47, ವರ್ಲ್ಡ್ ಸೀರೀಸಿನಲ್ಲಿ ಪಿಟ್ಸ್‌ಬರ್ಗ್ ವಿರುದ್ಧ 4–0. 1928ರಲ್ಲಿ 101 ಗೆಲುವು, ಮತ್ತು ಕಾರ್ಡಿನಲ್ಸ್ ವಿರುದ್ಧ 4–0.

1929ರಲ್ಲಿ ಕಾನಿ ಮ್ಯಾಕ್ ಅವರ ಫಿಲಡೆಲ್ಫಿಯಾ ತಂಡ ಬಹಳ ಮುಂದೆ ಹೋಯಿತು. ಸೆಪ್ಟೆಂಬರಿನಲ್ಲಿ ಹಗಿನ್ಸ್ ಅವರ ಕಣ್ಣಿನ ಕೆಳಗೆ ಒಂದು ಹುಣ್ಣಾಯಿತು. ಅದು ಎರಿಸಿಪೆಲಸ್ ಎಂಬ ಚರ್ಮದ ಸೋಂಕು. ಪೆನಿಸಿಲಿನ್ ಔಷಧವಾಗಿ ಬಳಕೆಗೆ ಬರುವ ಮುಂಚಿನ ಕಾಲವದು. ಸೋಂಕು ರಕ್ತಕ್ಕೆ ಹರಡಿತು. 20ರಂದು ನ್ಯೂಯಾರ್ಕಿನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆ ಸೇರಿದವರು 25ರಂದು ತೀರಿಕೊಂಡರು. ಐವತ್ತರ ಆಸುಪಾಸಿನ ವಯಸ್ಸು. ಮದುವೆಯಾಗಿರಲಿಲ್ಲ, ತಂಗಿ ಮಿರ್ಟಲ್ ಅವರೊಂದಿಗೆ ಬಾಳಿದವರು. ತಂಡ ಆಗ ಬೋಸ್ಟನ್ನಿನಲ್ಲಿ ಆಡುತ್ತಿತ್ತು. 27ರಂದು ಅಮೆರಿಕನ್ ಲೀಗ್ ಗೌರವಾರ್ಥವಾಗಿ ತನ್ನ ಎಲ್ಲ ಪಂದ್ಯಗಳನ್ನು ರದ್ದು ಮಾಡಿತು. ಯಾಂಕೀಸ್‌ನಲ್ಲಿ ಅವರ ಒಟ್ಟು ಲೆಕ್ಕ 1,067 ಗೆಲುವು, 719 ಸೋಲು. ಆರು ಪೆನಂಟ್, ಮೂರು ವರ್ಲ್ಡ್ ಸೀರೀಸ್.

ನೀವು ಕಂಡ ಸ್ಮಾರಕ 1932ರ ಮೇ 30ರಂದು ಅನಾವರಣಗೊಂಡದ್ದು. ಆಗ ಅದು ಈಗಿನಂತೆ ಪ್ರತ್ಯೇಕ ಅಂಗಳದಲ್ಲಿರದೆ, ಹಳೆಯ ಸ್ಟೇಡಿಯಮ್ಮಿನ ಆಟದ ಮೈದಾನದೊಳಗೇ, ದೂರದ ಸೆಂಟರ್ ಫೀಲ್ಡಿನಲ್ಲಿ ಧ್ವಜಸ್ತಂಭದ ಬಳಿ ನಿಂತಿತ್ತು. ಗೆರಿಗ್ ಅವರ ಸ್ಮಾರಕ 1941ರಲ್ಲಿ, ರೂತ್ ಅವರದು 1949ರಲ್ಲಿ ಅದರ ಎಡಬಲಕ್ಕೆ ಸೇರಿಕೊಂಡವು. ರೂತ್ ಬೇಸ್‌ಬಾಲಿನ ಮಹನೀಯರ ಗೌರವ ಭವನವಾದ ಹಾಲ್ ಆಫ್ ಫೇಮಿಗೆ 1936ರ ಮೊದಲ ಆಯ್ಕೆಯಲ್ಲೇ ಹೋದವರು. ಹಗಿನ್ಸ್ ಅವರಿಗೆ ಆ ಬಾಗಿಲು ತೆರೆದದ್ದು 1964ರಲ್ಲಿ.